ಎರಡು ನಿಮಿಷ, ಹತ್ತು ಪೌಂಡ್: ಬ್ರಿಟಿಷ್ ಸಾಮಾಜಿಕ ವಾಸ್ತವವಾದಿ ಸಿನಿಮಾದ ಆರಂಭ ಕಟ್ಟುವುದು ಹೇಗೆ?

ಪ್ರಶ್ನೆ: ನಾನು ಹಾಸನದವಳು. ಈ ಸೆಪ್ಟೆಂಬರ್‌ನಿಂದ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಸಿನಿಮಾ ನಿರ್ಮಾಣದ ಎಂ.ಎ. ಓದುತ್ತಿದ್ದೇನೆ. ದುಡಿಯುವವರ ಬದುಕನ್ನು ಇದ್ದ ಹಾಗೆ ತೋರಿಸುವ ಬ್ರಿಟಿಷ್ ಸಾಮಾಜಿಕ ವಾಸ್ತವವಾದಿ ಸಿನಿಮಾವೊಂದರ ಮೊದಲ 2 ನಿಮಿಷವನ್ನು ಟೈಟಲ್ ಸಮೇತ ಮಾಡಿ ಒಪ್ಪಿಸಬೇಕು. ನಾವು 4 ಜನ. ವಿಭಾಗದ ಮಿರರ್‌ಲೆಸ್ ಕ್ಯಾಮೆರಾ, ಒಂದು ಬೂಮ್ ಮೈಕ್, 150 ಪೌಂಡ್ ದುಡ್ಡು, ನವೆಂಬರಿನ 4 ವಾರ ನಮ್ಮ ಕೈಯಲ್ಲಿವೆ. ಕುಡುಕ ಅಪ್ಪ, ಗಾಂಜಾ ಮಾರುವ ಮಗ, ಎತ್ತರದ ಫ್ಲ್ಯಾಟುಗಳು ಎಂದು ಬರೆದುಕೊಂಡು ಹೋದರೆ ‘ಇದನ್ನು ನೂರು ಸಲ ನೋಡಿದ್ದೇನೆ’ ಎಂದು ಮೇಷ್ಟ್ರು ವಾಪಸ್ ಕೊಟ್ಟರು. ಎಲ್ಲಿಂದ ಶುರು ಮಾಡಲಿ? ಈ ಊರಿಗೆ ಹೊಸಬಳಾದ ನಾನು ಇಲ್ಲಿಯವರ ಬಡತನ ತೋರಿಸಬಹುದೆ?

ಉತ್ತರ: ನೀವು ಬರೆದದ್ದರಲ್ಲಿ ಗೋಳಿದೆ, ಹೊಟ್ಟೆಪಾಡು ಇಲ್ಲ. ಮೇಷ್ಟ್ರು ವಾಪಸ್ ಕೊಟ್ಟದ್ದಕ್ಕೆ ಅದೇ ಕಾರಣ ಇರಬೇಕು. ಗೋಳನ್ನು ಯಾವ ಊರಿನಲ್ಲಿ ಬೇಕಾದರೂ ಚಿತ್ರೀಕರಿಸಬಹುದು: ಮಳೆ, ಗೋಡೆಗೊರಗಿದ ಹುಡುಗ, ಹಿಂದೆ ಪಿಯಾನೊ. ಹೊಟ್ಟೆಪಾಡಿಗೆ ಲೆಕ್ಕವಿರುತ್ತದೆ. ಜೇಬಿನಲ್ಲಿ ಎಷ್ಟಿದೆ, ಎಷ್ಟು ಹೊತ್ತಿಗೆ ಎಲ್ಲಿರಬೇಕು, ತಪ್ಪಿದರೆ ಯಾವ ಕಚೇರಿ ಏನು ಕಿತ್ತುಕೊಳ್ಳುತ್ತದೆ. ಈ ಪ್ರಕಾರದ ಒಳ್ಳೆಯ ಆರಂಭಗಳೆಲ್ಲ ಆ ಲೆಕ್ಕದಿಂದಲೇ ಹೊರಡುತ್ತವೆ. ಆದ್ದರಿಂದ ಪಾತ್ರ, ಕಥೆ, ಕ್ಯಾಮೆರಾ ಎಲ್ಲಕ್ಕೂ ಮೊದಲು ಒಂದು ಮೊತ್ತ ಮತ್ತು ಒಂದು ಗಡಿಯಾರದ ಹೊತ್ತು ಹುಡುಕಿ.

ಅದಕ್ಕೂ ಮುಂಚೆ ಒಂದು ಸಂಜೆ ಮೂರು ಸಿನಿಮಾಗಳ ಮೊದಲ ಎರಡು ನಿಮಿಷವನ್ನು ಸ್ಟಾಪ್‌ವಾಚ್ ಹಿಡಿದು ನೋಡಿ. 1960ರ ‘ಸ್ಯಾಟರ್ಡೇ ನೈಟ್ ಅಂಡ್ ಸಂಡೇ ಮಾರ್ನಿಂಗ್’ ನಾಟಿಂಗ್‌ಹ್ಯಾಮ್‌ನ ಸೈಕಲ್ ಕಾರ್ಖಾನೆಯಲ್ಲಿ ಶುರುವಾಗುತ್ತದೆ: ನಾಯಕ ಲೇತ್ ಮುಂದೆ ನಿಂತಿದ್ದಾನೆ, ಮನಸ್ಸಿನಲ್ಲೇ ಮಾತಾಡಿಕೊಳ್ಳುತ್ತಿದ್ದಾನೆ. 1969ರ ‘ಕೆಸ್’ ಬಾರ್ನ್ಸ್‌ಲಿಯ ಗಣಿ ಕೆಲಸಗಾರರ ಮನೆಯೊಂದರಲ್ಲಿ, ಬೆಳಗಾಗುವ ಮುಂಚೆ ಒಂದೇ ಹಾಸಿಗೆಯಲ್ಲಿ ಮಲಗಿದ ಅಣ್ಣತಮ್ಮಂದಿರಿಂದ ಶುರುವಾಗುತ್ತದೆ. ಅಲಾರಂ ಹೊಡೆಯುತ್ತದೆ, ಯಾರು ಏಳಬೇಕು ಎಂಬ ಜಗಳ. ಮನೆಯಲ್ಲಿ ಎಷ್ಟು ಅನುಕೂಲವಿದೆ ಎಂದು ಆ ಒಂದು ಹಾಸಿಗೆಯೇ ಹೇಳಿಬಿಡುತ್ತದೆ. 2016ರ ‘ಐ, ಡೇನಿಯಲ್ ಬ್ಲೇಕ್’ನಲ್ಲಿ ಮೊದಲಿಗೆ ಕಾಣುವುದು ಕಪ್ಪು ಪರದೆ, ಅದರ ಮೇಲೆ ಟೈಟಲ್ ಅಕ್ಷರಗಳು. ಕೇಳುವುದು ಮಾತ್ರ ಎರಡು ದನಿ: ಹೃದಯದ ಕಾಯಿಲೆ ಬಂದ ಬಡಗಿಯೊಬ್ಬನನ್ನು ಭತ್ಯೆಯ ಅರ್ಹತೆಗಾಗಿ ಒಬ್ಬ ಹೆಂಗಸು ಪ್ರಶ್ನಿಸುತ್ತಿದ್ದಾಳೆ, ಪ್ರಶ್ನೆಗಳಿಗೂ ಅವನ ಹೃದಯಕ್ಕೂ ಸಂಬಂಧವೇ ಇಲ್ಲ. ಮೂರರಲ್ಲೂ ಫ್ಲ್ಯಾಟುಗಳ ಮೇಲೆ ಕ್ಯಾಮೆರಾ ತೇಲಿಸಿ ಊರು ತೋರಿಸುವ ಕೆಲಸವಿಲ್ಲ. ದುಡಿಮೆ, ನಿದ್ದೆ, ಅರ್ಜಿ: ಇಷ್ಟೇ. ಪ್ರತಿ ಶಾಟ್ ಎಷ್ಟು ಸೆಕೆಂಡ್ ನಿಲ್ಲುತ್ತದೆ, ಮೊದಲ ಮಾತು ಯಾವಾಗ ಬರುತ್ತದೆ, ಸಂಗೀತ ಇದೆಯೆ ಎಂದು ಮೂರು ಕಲಮಿನಲ್ಲಿ ಬರೆದುಕೊಳ್ಳಿ. ಆ ಹಾಳೆ ಮುಂದೆ ಎಡಿಟಿಂಗ್‌ನಲ್ಲೂ ಕೆಲಸಕ್ಕೆ ಬರುತ್ತದೆ.

ಈಗ ಮೊತ್ತಕ್ಕೆ ಬರೋಣ. ನಿಮ್ಮ ಊರಿಗೂ ನಿಮ್ಮ ದುಡ್ಡಿಗೂ ಹೊಂದುವ ಒಂದು ಸನ್ನಿವೇಶವನ್ನು ಪೂರ್ತಿ ಬಿಡಿಸಿ ತೋರಿಸುತ್ತೇನೆ. ಅದನ್ನೇ ತೆಗೆಯಬೇಕೆಂದಿಲ್ಲ, ಯೋಚನೆ ಯಾವ ಕ್ರಮದಲ್ಲಿ ನಡೆಯಬೇಕು ಎಂಬುದನ್ನು ನೋಡಿ.

ಬ್ರಿಟನ್ನಿನ ಎಷ್ಟೋ ಮನೆಗಳಲ್ಲಿ ಕರೆಂಟಿಗೆ ಮೊದಲೇ ದುಡ್ಡು ತುಂಬುವ ಮೀಟರ್ ಇದೆ. ಹಳೆಯ ಬಗೆಯದಾದರೆ ಕೈಬೆರಳುದ್ದದ ಪ್ಲಾಸ್ಟಿಕ್ ಕೀಯನ್ನು ಮೀಟರಿನಿಂದ ಕಿತ್ತು, ಮೂಲೆಯಂಗಡಿಗೆ ಒಯ್ದು, ದುಡ್ಡು ತುಂಬಿಸಿ ತಂದು ಮತ್ತೆ ಸಿಕ್ಕಿಸಬೇಕು. ದುಡ್ಡು ಮುಗಿದರೆ ತುರ್ತು ಸಾಲವೆಂದು ಸಾಮಾನ್ಯವಾಗಿ 5ರಿಂದ 10 ಪೌಂಡ್ ಸಿಗುತ್ತದೆ. ಅದೂ ಮುಗಿದರೆ ಕರೆಂಟ್ ಹೋಗುತ್ತದೆ. ಬಳಸಲಿ ಬಿಡಲಿ, ದಿನದ ಬಾಡಿಗೆಯಂಥ ಒಂದು ಸ್ಥಿರ ಶುಲ್ಕ ಕಡಿತವಾಗುತ್ತಲೇ ಇರುತ್ತದೆ. ಆಮೇಲೆ ದುಡ್ಡು ತುಂಬಿದಾಗ ಮೊದಲು ತುರ್ತು ಸಾಲ ತೀರುತ್ತದೆ, ಮಿಕ್ಕಿದ್ದಷ್ಟೇ ಲೆಕ್ಕಕ್ಕೆ ಸಿಗುತ್ತದೆ. ಅಂದರೆ 10 ಪೌಂಡ್ ಹಾಕಿದವಳ ಮೀಟರಿನಲ್ಲಿ 10 ಕಾಣುವುದಿಲ್ಲ.

ನಿಮ್ಮ ಪಾತ್ರ 19 ವರ್ಷದ ಹುಡುಗಿ. ಬೆಳಗ್ಗೆ ಶರ್ಟ್ ಇಸ್ತ್ರಿ ಮಾಡುವಾಗ ಕರೆಂಟ್ ಹೋಗುತ್ತದೆ. ಜೇಬಿನಲ್ಲಿರುವುದು 10 ಪೌಂಡಿನ ಒಂದೇ ನೋಟು. 11 ಗಂಟೆಗೆ ನಿರುದ್ಯೋಗಿಗಳ ಸರ್ಕಾರಿ ಕಚೇರಿಯಾದ ಜಾಬ್‌ಸೆಂಟರ್‌ನಲ್ಲಿ ಇರಬೇಕು. ಸರಿಯಾದ ಕಾರಣವಿಲ್ಲದೆ ತಪ್ಪಿಸಿದರೆ ಯೂನಿವರ್ಸಲ್ ಕ್ರೆಡಿಟ್ ಎಂಬ ಭತ್ಯೆಗೆ ಕತ್ತರಿ ಬೀಳಬಹುದು. 2025ರ ಜನವರಿಯಿಂದ ಇಂಗ್ಲೆಂಡಿನಲ್ಲಿ ದರ ಮಿತಿಯ ಯೋಜನೆಗೆ ಸೇರಿದ ಬಸ್ಸುಗಳಲ್ಲಿ ಒಂದು ಕಡೆಯ ಟಿಕೆಟ್ ಗರಿಷ್ಠ 3 ಪೌಂಡ್. ನೋಟನ್ನು ಮೀಟರಿಗೆ ಹಾಕಿದರೆ ಬಸ್ಸಿಗಿಲ್ಲ. ಬಸ್ಸಿಗಿಟ್ಟುಕೊಂಡರೆ ಒಳಕೋಣೆಯಲ್ಲಿ ಟಿವಿ ನೋಡುತ್ತಾ ಮಲಗಿರುವ, ನಮಗೆ ಕಾಣದ ಒಬ್ಬರು ಚಳಿಯಲ್ಲಿ ಕತ್ತಲಲ್ಲಿ ಇರಬೇಕು. ಎರಡು ನಿಮಿಷಕ್ಕೆ ಇಷ್ಟು ಕಥೆ ಬೇಕಾದಷ್ಟಾಯಿತು.

ಇಲ್ಲೊಂದು ತಪ್ಪು ನುಸುಳುವ ಜಾಗವಿದೆ. ಮೊದಲ ಯೋಚನೆಗೆ ಯಾರಾದರೂ ಈ ದೃಶ್ಯವನ್ನು ಬೆಳಗಿನ 6 ಗಂಟೆಗೋ ರಾತ್ರಿ 9ಕ್ಕೋ ಇಡುತ್ತಾರೆ, ಕತ್ತಲೆ ಚೆಂದ ಕಾಣುತ್ತದೆಂದು. ಆದರೆ ರಾತ್ರಿ ಹೊತ್ತು, ವಾರಾಂತ್ಯ, ಸರ್ಕಾರಿ ರಜೆಗಳಲ್ಲಿ ದುಡ್ಡು ಮುಗಿದರೂ ಹಲವು ಕಂಪನಿಗಳು ಕರೆಂಟ್ ಕಡಿಯುವುದಿಲ್ಲ. ಬೆಳಗ್ಗೆ ಆ ರಿಯಾಯಿತಿಯ ಹೊತ್ತು ಮುಗಿದ ಕೂಡಲೇ ಕಡಿತವಾಗುತ್ತದೆ. ಹಲವೆಡೆ ಅದು 9ಕ್ಕೋ 10ಕ್ಕೋ, ಕಂಪನಿಯಿಂದ ಕಂಪನಿಗೆ ವ್ಯತ್ಯಾಸವಿದೆ. ಈ ಮೀಟರ್ ಇಟ್ಟುಕೊಂಡು ಬದುಕಿದವರು ನಿಮ್ಮ 6 ಗಂಟೆಯ ದೃಶ್ಯವನ್ನು ನೋಡಿದರೆ ಮೊದಲ ಅರ್ಧ ನಿಮಿಷದಲ್ಲೇ ನಂಬಿಕೆ ಕಳೆದುಕೊಳ್ಳುತ್ತಾರೆ. ವಾರದ ದಿನ, ಸರಿಯಾಗಿ 10 ಗಂಟೆಗೆ ಕರೆಂಟ್ ಹೋಗುವಂತೆ ಇಟ್ಟರೆ ಅದೇ ನಿಯಮ ನಿಮ್ಮ ಕಥೆಗೆ ಗಡಿಯಾರವನ್ನೂ ಕೊಡುತ್ತದೆ: ಹತ್ತಕ್ಕೆ ಕರೆಂಟ್, ಹನ್ನೊಂದಕ್ಕೆ ಕಚೇರಿ. ಈ ಪ್ರಕಾರದಲ್ಲಿ ಸಂಶೋಧನೆಯೇ ಚಿತ್ರಕಥೆಯನ್ನು ಬರೆಯುವುದೆಂದರೆ ಹೀಗೆ.

ಹೊಸಬಳಾದ ನೀವು ಮಾಡಬಹುದೆ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಮಾಡಬಹುದು, ಕೇಳಿ ತಿಳಿದುಕೊಳ್ಳುವ ತಾಳ್ಮೆ ಇದ್ದರೆ. ಮೊದಲ ವಾರ ಪೂರ್ತಿ ಕ್ಯಾಮೆರಾ ಮುಟ್ಟಬೇಡಿ. ಕೀ ಮೀಟರ್ ಇರುವ ಮನೆಯಲ್ಲಿ ಬೆಳೆದ ಇಬ್ಬರು ಮೂವರು ಸಹಪಾಠಿಗಳೋ ಪರಿಚಯದವರೋ ಸಿಗುತ್ತಾರೆ. ಅವರನ್ನು ‘ಕಷ್ಟ ಹೇಳಿ’ ಎಂದು ಕೇಳಬೇಡಿ. ‘ಕರೆಂಟ್ ಹೋದರೆ ಮೊದಲು ಎಲ್ಲಿಗೆ ಕೈ ಹಾಕುತ್ತಿದ್ದಿರಿ? ಕೀ ಎಲ್ಲಿರುತ್ತಿತ್ತು? ಅಂಗಡಿಯಲ್ಲಿ ಏನು ಹೇಳುತ್ತಿದ್ದಿರಿ?’ ಎಂದು ಕೇಳಿ. ಕೈಕೆಲಸದ ಬಗ್ಗೆ ಕೇಳಿದರೆ ಜನ ಸಂಕೋಚವಿಲ್ಲದೆ ಮಾತಾಡುತ್ತಾರೆ, ನಿಮಗೆ ಬೇಕಾದ ವಿವರವೂ ಅಲ್ಲೇ ಇದೆ. ಅವರ ಮನೆಯ ಒಳಗು ನಿಮಗೆ ಸೆಟ್ ಅಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಯಾರ ಬದುಕಿನ ಘಟನೆಯನ್ನೂ ಒಪ್ಪಿಗೆಯಿಲ್ಲದೆ ಹಾಗೇ ಎತ್ತಿಕೊಳ್ಳಬೇಡಿ.

ಈಗ ಎರಡು ನಿಮಿಷವನ್ನು ಹಂಚೋಣ. ಮೊದಲ 10 ಸೆಕೆಂಡ್ ಕಪ್ಪು ಪರದೆ. ಫ್ರಿಜ್ಜಿನ ಗುಂಯ್‌ಗುಡುವಿಕೆ, ಮುಚ್ಚಿದ ಬಾಗಿಲಾಚೆ ಟಿವಿ, ಇಸ್ತ್ರಿಪೆಟ್ಟಿಗೆಯ ಆವಿ. 10ರಿಂದ 38ರವರೆಗೆ ಇಸ್ತ್ರಿ: ಕಾಲರ್, ಬೆನ್ನು, ಒಂದು ತೋಳು. ನಡುವೆ ಒಳಗಿನ ದನಿ ‘ಹನ್ನೊಂದಕ್ಕಲ್ವಾ?’ ಎಂದು ಕೇಳುತ್ತದೆ, ಅವಳು ‘ಹೂಂ’ ಅನ್ನುತ್ತಾಳೆ. ಇಡೀ ಚಿತ್ರಕ್ಕೆ ಬೇಕಾದ ಮಾಹಿತಿ ಅಷ್ಟೇ. 38ಕ್ಕೆ ಎಲ್ಲ ಸದ್ದೂ ಒಟ್ಟಿಗೆ ನಿಲ್ಲುತ್ತದೆ, ಇಸ್ತ್ರಿಯ ಕೆಂಪು ದೀಪ ಆರುತ್ತದೆ. ಇಲ್ಲಿ 4 ಸೆಕೆಂಡ್ ಏನೂ ಆಗಬಾರದು. 42ರಿಂದ 56ರವರೆಗೆ ಹಜಾರದ ಕಪಾಟು, ಮೀಟರ್, ಕೀ ಕಿತ್ತ ಸದ್ದು, ಬಾಗಿಲ ಬಳಿ ಬಿದ್ದ ಕಿಟಕಿಯಿರುವ ಕಂದು ಲಕೋಟೆ. ಅದನ್ನು ಅವಳು ಒಡೆಯುವುದಿಲ್ಲ, ಪಕ್ಕಕ್ಕಿಡುತ್ತಾಳೆ. ಸರ್ಕಾರಿ ಕಚೇರಿಯಿಂದ ಬಂದ ಕಂದು ಲಕೋಟೆ ಎಂದರೆ ಕೆಟ್ಟ ಸುದ್ದಿ ಇರಬಹುದೆಂದು ಬ್ರಿಟಿಷ್ ಪ್ರೇಕ್ಷಕರಿಗೆ ಗೊತ್ತು. 56ರಿಂದ 1:06ರವರೆಗೆ ಜಾಕೆಟ್ಟಿನ ಜೇಬುಗಳು, ಹತ್ತರ ನೋಟು. 1:06ರಿಂದ 1:28ರವರೆಗೆ ನಡಿಗೆ, ಅಂಗಡಿ. 1:28ರಿಂದ 1:46ರವರೆಗೆ ವಾಪಸ್ ಮನೆ: ಕೀ ಸಿಕ್ಕಿಸುತ್ತಾಳೆ, ಮೀಟರಿನಲ್ಲಿ 1.84 ಎಂದು ಮೂಡುತ್ತದೆ, ಫ್ರಿಜ್ಜಿನ ಸದ್ದು ಬರುತ್ತದೆ, ಟಿವಿ ಮತ್ತೆ ಮಾತಾಡುತ್ತದೆ. ಕ್ಯಾಮೆರಾ ಅವಳ ಮುಖದ ಮೇಲಿರಲಿ. ಕೊನೆಯ 14 ಸೆಕೆಂಡ್: ಒಂದು ತೋಳು ಮುದುಡಿದ ಶರ್ಟಿನ ಮೇಲೆ ಜಾಕೆಟ್ ಎಳೆದುಕೊಂಡು ಬಸ್ ನಿಲ್ದಾಣವನ್ನು ದಾಟಿ ನಡೆದೇ ಹೋಗುತ್ತಾಳೆ, ಬಸ್ಸು ಪಕ್ಕದಲ್ಲಿ ಹಾದುಹೋಗುತ್ತದೆ, ಸಿನಿಮಾದ ಹೆಸರು ಬರುತ್ತದೆ.

ಅವಳು ಅಳುವುದಿಲ್ಲ, ನಿಟ್ಟುಸಿರೂ ಬಿಡುವುದಿಲ್ಲ. ಇದು ಅವಳಿಗೆ ಮೊದಲ ಸಲವಲ್ಲ. ಮುಖದಲ್ಲಿ ದುಃಖ ಹುಡುಕಿದರೆ ದೃಶ್ಯ ಕೆಡುತ್ತದೆ, ಮುಖದಲ್ಲಿ ಲೆಕ್ಕ ನಡೆಯುತ್ತಿರಬೇಕು. ಕೊನೆಗೆ ಪ್ರೇಕ್ಷಕರಿಗೆ ಎರಡು ಪ್ರಶ್ನೆ ಉಳಿಯುತ್ತವೆ: ಸಮಯಕ್ಕೆ ಮುಟ್ಟುತ್ತಾಳಾ? ಒಳಗಿರುವವರು ಯಾರು? ಮುಂದಿನ ಒಂದೂವರೆ ಗಂಟೆ ಕೂರಲು ಅವು ಸಾಕು. ಎರಡಕ್ಕೂ ಇಲ್ಲೇ ಉತ್ತರ ಕೊಟ್ಟುಬಿಟ್ಟರೆ ನೀವು ಮಾಡಿದ್ದು ಕಿರುಚಿತ್ರವಾಗುತ್ತದೆ, ಆರಂಭವಾಗುವುದಿಲ್ಲ. ವಿದ್ಯಾರ್ಥಿಗಳು ಅಂಕ ಕಳೆದುಕೊಳ್ಳುವ ದೊಡ್ಡ ಜಾಗ ಇದು.

ಪಾತ್ರಕ್ಕೆ 18 ದಾಟಿದವರನ್ನೇ ಆರಿಸಿ. ಶಾಲಾ ವಯಸ್ಸಿನ ಮಕ್ಕಳನ್ನು ನಟಿಸಲು ಕರೆದರೆ ಸ್ಥಳೀಯ ಆಡಳಿತದ ಪರವಾನಗಿ ಬೇಕಾಗಬಹುದು, 4 ವಾರದಲ್ಲಿ ಅದರ ಹಿಂದೆ ಓಡಲಾಗುವುದಿಲ್ಲ. ನಾಟಕ ವಿಭಾಗದವರು ಬೇಡವೆಂದಲ್ಲ, ಆದರೆ ದನಿ ಅದೇ ಸೀಮೆಯದಾಗಿರಲಿ. ಕೊವೆಂಟ್ರಿಯಲ್ಲಿ ತೆಗೆದ ಮನೆಯೊಳಗಿಂದ ಲಂಡನ್ನಿನ ಉಚ್ಚಾರ ಬಂದರೆ ಇಂಗ್ಲಿಷ್ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ನಮಗೆ ಮಂಗಳೂರಿನ ಕನ್ನಡವೂ ಕಲಬುರಗಿಯ ಕನ್ನಡವೂ ಗೊತ್ತಾಗುವ ಹಾಗೆ. ಪ್ರಾದೇಶಿಕ ಮಾತನ್ನು ನೀವೇ ಬರೆಯಲು ಹೋಗಬೇಡಿ. ಅಂಗಡಿಯವರು ‘ಹತ್ತೇನಾ?’ ಎಂದು ಕೇಳಬೇಕು ಎಂದಷ್ಟೇ ಹೇಳಿ, ಪದ ಅವರೇ ಹುಡುಕಿಕೊಳ್ಳುತ್ತಾರೆ. ‘ಕೆಸ್’ ಮತ್ತು ‘ಐ, ಡೇನಿಯಲ್ ಬ್ಲೇಕ್’ ನಿರ್ದೇಶಿಸಿದ ಕೆನ್ ಲೋಚ್ ಕಥೆಯ ಕ್ರಮದಲ್ಲೇ ಚಿತ್ರೀಕರಿಸುತ್ತಿದ್ದರು, ನಟರಿಗೆ ಚಿತ್ರಕಥೆಯನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತಿದ್ದರು. ‘ಕೆಸ್’ ಹುಡುಗ ಬಾರ್ನ್ಸ್‌ಲಿಯ ಶಾಲೆಯವನೇ, ಡೇನಿಯಲ್ ಬ್ಲೇಕ್ ಆದ ಡೇವ್ ಜಾನ್ಸ್ ವೇದಿಕೆಯ ಹಾಸ್ಯಗಾರ. ಮಂಡ್ಯದ ನೊದೆಕೊಪ್ಪಲಿನ ಊರವರೇ ನಟಿಸಿದ ‘ತಿಥಿ’ಯನ್ನು ನೋಡಿದ ಕನ್ನಡಿಗರಿಗೆ ಈ ವಿಧಾನದ ಬಲ ಹೊಸದಾಗಿ ಹೇಳಬೇಕಿಲ್ಲ. ನಿಮ್ಮ ಅಳತೆಗೆ ಇಷ್ಟು ಮಾಡಿ: ಮೀಟರಿನಲ್ಲಿ ಎಷ್ಟು ಮೂಡುತ್ತದೆಂದು ನಟಿಗೆ ಮೊದಲೇ ಹೇಳಬೇಡಿ. ಮೊದಲ ಟೇಕ್‌ನಲ್ಲಿ ಅವಳು 1.84 ಓದುವ ಕ್ಷಣ ನಿಮಗೆ ಒಂದೇ ಸಲ ಸಿಗುವುದು, ಆದ್ದರಿಂದ ಮುಖದ ಮೇಲೆ ಫೋಕಸ್ ಸರಿಯಿದೆಯೇ ಎಂದು ಬೇರೊಬ್ಬರನ್ನು ನಿಲ್ಲಿಸಿ ಮೊದಲೇ ನೋಡಿಕೊಳ್ಳಿ.

ನಿಜವಾದ ಮೀಟರನ್ನು ಮಾತ್ರ ಕೆಣಕಬೇಡಿ. ಅದಕ್ಕೆ ಸೇರದ ಕೀಯನ್ನು ಸಿಕ್ಕಿಸಬಾರದು, ಮುಚ್ಚಳ ಬಿಚ್ಚಬಾರದು. ಒಂದು ಹಳೆಯ ಫೋನಿನ ಪರದೆಯ ಮೇಲೆ ಹಸಿರುಬೂದು ಹಿನ್ನೆಲೆಯಲ್ಲಿ ಅಂಕಿ ಬರುವಂತೆ ಮಾಡಿ, ಮುಂದೆ ಕಪ್ಪು ರಟ್ಟನ್ನು ಮೀಟರಿನ ಕಿಂಡಿಯ ಅಳತೆಗೆ ಕತ್ತರಿಸಿ ಹಿಡಿದು, ಹತ್ತಿರದ ಶಾಟ್ ತೆಗೆಯಿರಿ. ಫೋನಿನ ಬೆಳಕನ್ನು ಸಾಧ್ಯವಾದಷ್ಟು ಇಳಿಸಿ, ಇಲ್ಲದಿದ್ದರೆ ಅಂಕಿಯ ಅಂಚು ಹೊತ್ತಿಕೊಂಡಂತೆ ಕಾಣುತ್ತದೆ. ಕರೆಂಟ್ ಹೋಗುವುದನ್ನು ಗೋಡೆಯ ಸ್ವಿಚ್ಚಿನಿಂದಲೇ ಮಾಡಬಹುದು.

ಕ್ಯಾಮೆರಾ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ, ವಾಸ್ತವವೆಂದರೆ ಅಲುಗಾಡುವ ಕ್ಯಾಮೆರಾ ಎಂದು. ಈ ಪರಂಪರೆಯಲ್ಲಿ ಕಡಿಮೆಯೆಂದರೂ ಎರಡು ದಾರಿಗಳಿವೆ. ‘ಕೆಸ್’ನ ಛಾಯಾಗ್ರಾಹಕ ಕ್ರಿಸ್ ಮೆಂಗೆಸ್ ಅವರದು ದೂರ ನಿಂತು, ಕಣ್ಣಿನ ಮಟ್ಟದಲ್ಲಿ, ಸಿಕ್ಕಿದ ಬೆಳಕಿನಲ್ಲಿ, ತುಸು ಉದ್ದದ ಲೆನ್ಸಿನಿಂದ ಸುಮ್ಮನೆ ನೋಡುವ ಬಗೆ. ಆಂಡ್ರಿಯಾ ಆರ್ನಲ್ಡ್ ಅವರ 2009ರ ‘ಫಿಶ್ ಟ್ಯಾಂಕ್’ನಲ್ಲಿ ರಾಬಿ ರಯಾನ್ ಅವರ ಕ್ಯಾಮೆರಾ ಹುಡುಗಿಯ ಬೆನ್ನಿಗೇ ಅಂಟಿಕೊಂಡು ಓಡುತ್ತದೆ, ಚೌಕಟ್ಟು ಅಗಲ ಕಡಿಮೆಯಿರುವ 4:3. ಅಲ್ಲಿ ಆ ಇಕ್ಕಟ್ಟು ಅವಳ ಬದುಕಿನದು. ಬರೀ ಚೆಂದಕ್ಕೆಂದು 4:3 ತೆಗೆದುಕೊಂಡರೆ ಬರವಣಿಗೆಯ ವರದಿಯಲ್ಲಿ ಕಾರಣ ಕೊಡಲು ತಡವರಿಸುತ್ತೀರಿ. ನಿಮ್ಮ ದೃಶ್ಯಕ್ಕೆ ನನ್ನ ಆಯ್ಕೆ ಮೊದಲನೆಯ ದಾರಿ: ಅಡುಗೆಮನೆಯನ್ನು ಹಜಾರದ ಬಾಗಿಲಿನಿಂದ ಟ್ರೈಪಾಡ್ ಮೇಲೆ ನೋಡಿ, ಎಪಿಎಸ್‌ಸಿ ಸೆನ್ಸರ್ ಆದರೆ 35 ಅಥವಾ 50 ಮಿ.ಮೀ. ಲೆನ್ಸ್. ಹೊರಗೆ ನಡೆಯುವ ಒಂದೆರಡು ಶಾಟ್ ಮಾತ್ರ ಕೈಯಲ್ಲಿ ಹಿಡಿದು, ಅವಳ ಭುಜದ ಎತ್ತರದಲ್ಲಿ, ಎರಡು ಹೆಜ್ಜೆ ಹಿಂದೆ. ಗಿಂಬಲ್ (ಕ್ಯಾಮೆರಾದ ಅಲುಗಾಟ ತಡೆಯುವ ಹಿಡಿಕೆ) ಬೇಡ, ತೇಲುವ ಚಲನೆ ಜಾಹೀರಾತಿನ ನೆನಪು ತರುತ್ತದೆ. ಒಟ್ಟು 15ರಿಂದ 18 ಶಾಟ್ ಸಾಕು.

ಸೆಕೆಂಡಿಗೆ 25 ಫ್ರೇಮ್, ಶಟರ್ 50ರಲ್ಲಿ ಒಂದು. ಬ್ರಿಟನ್ನಿನ ಕರೆಂಟು ನಮ್ಮಲ್ಲಿನಂತೆಯೇ 50 ಹರ್ಟ್ಸ್. ಫೋನುಗಳು ತಾವಾಗಿ 30 ಫ್ರೇಮ್, 60ರಲ್ಲಿ ಒಂದು ಶಟರ್ ಇಟ್ಟುಕೊಂಡರೆ ಅಂಗಡಿಯ ಟ್ಯೂಬ್‌ಲೈಟ್ ಅಡಿಯಲ್ಲಿ ಚಿತ್ರ ಮಿನುಗುತ್ತದೆ, ಎಡಿಟಿಂಗ್‌ನಲ್ಲಿ ಅದನ್ನು ಸರಿಮಾಡುವುದು ಬಲು ಕಷ್ಟ. ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡಬೇಡಿ, ಅವಳು ಕಿಟಕಿ ದಾಟಿದಾಗಲೆಲ್ಲ ಮುಖದ ಬಣ್ಣ ಬದಲಾಗುತ್ತದೆ. ಅಡುಗೆಮನೆಯ ದೀಪ ಆರಿಸಿ ಕಿಟಕಿಯ ಬೆಳಕಿನಲ್ಲೇ ತೆಗೆಯುವುದು ಸುಲಭ, ಆದರೆ ಕರೆಂಟ್ ಹೋದ ಕ್ಷಣ ಕಣ್ಣಿಗೆ ಕಾಣಬೇಕಲ್ಲ. ಅದಕ್ಕೆ ಇಸ್ತ್ರಿ ಹಲಗೆಯ ಪಕ್ಕ ಒಂದು ಸಣ್ಣ ಟೇಬಲ್ ದೀಪ ಉರಿಯುತ್ತಿರಲಿ. ಅದು ಆರಿದಾಗ ಅವಳ ಮುಖದ ಒಂದು ಪಕ್ಕ ಅರ್ಧ ಸ್ಟಾಪ್‌ನಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿಯುವುದು) ಇಳಿದರೆ ಸಾಕು.

ನವೆಂಬರಿನ ಬೆಳಕನ್ನು ಕಡೆಗಣಿಸಬೇಡಿ. ತಿಂಗಳ ನಡುವೆ ಕೊವೆಂಟ್ರಿಯಲ್ಲಿ ಸೂರ್ಯ ಹುಟ್ಟುವುದು 7:30ರ ಹತ್ತಿರ, ಮುಳುಗುವುದು ಸಂಜೆ 4 ದಾಟಿದ ಕೂಡಲೇ. ನಡುಮಧ್ಯಾಹ್ನಕ್ಕೂ ಅವನು ದಿಗಂತದಿಂದ 20 ಡಿಗ್ರಿಯಷ್ಟೂ ಏರುವುದಿಲ್ಲ. ಹಾಸನದ ಹಾಗೆ ನೆತ್ತಿ ಸುಡುವ ಬಿಸಿಲು ಬರುವುದಿಲ್ಲವಾದ್ದರಿಂದ 10ರಿಂದ 2ರವರೆಗೆ ತೆಗೆದದ್ದೆಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿನಂತೆ ಕಾಣುತ್ತದೆ. 3ರ ಮೇಲೆ ಹೊರಾಂಗಣ ಇಟ್ಟುಕೊಳ್ಳಬೇಡಿ. ಮಳೆ ಬಂದರೆ ನಿಲ್ಲಿಸಬೇಕಿಲ್ಲ, ಆದರೆ ಒದ್ದೆ ರಸ್ತೆ ಒಂದು ಶಾಟ್‌ನಲ್ಲಿದ್ದು ಮುಂದಿನದರಲ್ಲಿ ಒಣಗಿದ್ದರೆ ಎರಡನ್ನೂ ಕೂಡಿಸಲಾಗುವುದಿಲ್ಲ. ಬಣ್ಣವನ್ನು ಬೂದಿಯಂತೆ ಮಾಡುವ ಆಸೆಯನ್ನೂ ಬಿಡಿ. ಬಡವರ ಮನೆಯ ಪರದೆಗೂ ಬಣ್ಣವಿರುತ್ತದೆ. ಬಣ್ಣ ಹಿಂಡಿ ತೆಗೆದ ಚಿತ್ರ ಅವರ ಬಗ್ಗೆ ಹೊರಗಿನವರ ಅಭಿಪ್ರಾಯವಾಗಿಬಿಡುತ್ತದೆ.

ಶಬ್ದಕ್ಕೆ ನೀವು ಹೆಚ್ಚು ತಲೆಕೊಡಬೇಕು. ಆಮೇಲೆ ಡಬ್ಬಿಂಗ್ ಮಾಡಿಕೊಳ್ಳೋಣ ಎಂಬ ನಮ್ಮ ಗಾಂಧಿನಗರದ ಹಳೆಯ ರೂಢಿ ಈ ಪ್ರಕಾರಕ್ಕೆ ಒಗ್ಗುವುದಿಲ್ಲ, ಸ್ಟುಡಿಯೋದಲ್ಲಿ ಹೇಳಿದ ‘ಹೂಂ’ಗೆ ಅಡುಗೆಮನೆಯ ಗೋಡೆ ಇರುವುದಿಲ್ಲ. ನಿಮ್ಮ ದೃಶ್ಯದಲ್ಲಂತೂ ಸದ್ದೇ ಕಥೆ. ಚಿತ್ರೀಕರಣದ ಹೊತ್ತಿಗೆ ಫ್ರಿಜ್ಜನ್ನು ಆರಿಸಿಬಿಡಿ. ಅದರ ಗುಂಯ್ ಎನ್ನುವ ಸದ್ದನ್ನು ಬೇರೆಯಾಗಿ 2 ನಿಮಿಷ ಹತ್ತಿರದಿಂದ, 2 ನಿಮಿಷ ಹಜಾರದಿಂದ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಹಾಗಾದರೆ ಎಡಿಟಿಂಗ್‌ನಲ್ಲಿ ಬೇಕಾದ ಫ್ರೇಮಿಗೇ ಅದನ್ನು ಕತ್ತರಿಸಬಹುದು. ಫ್ರಿಜ್ ಓಡುತ್ತಿರುವಾಗಲೇ ಮಾತು ತೆಗೆದುಕೊಂಡಿದ್ದರೆ ಕರೆಂಟ್ ಹೋದಮೇಲೂ ಅದು ಗುಂಯ್ ಅನ್ನುತ್ತಲೇ ಇರುತ್ತದೆ, ದೃಶ್ಯ ಅಲ್ಲಿಗೆ ಮುಗಿಯಿತು. ಸೌಂಡ್ ನೋಡಿಕೊಳ್ಳುವವರು ಮನೆಯ ಬಾಗಿಲ ಕೀಯನ್ನು ಫ್ರಿಜ್ಜಿನೊಳಗೆ ಇಡಲಿ. ಹೊರಡುವಾಗ ಕೀ ಹುಡುಕಿದರೆ ಫ್ರಿಜ್ ಮತ್ತೆ ಹಾಕುವುದು ನೆನಪಾಗುತ್ತದೆ, ಮನೆಯವರ ಹಾಲು ಕೆಡುವುದಿಲ್ಲ.

ಪ್ರತಿ ಜಾಗದಲ್ಲೂ ಎಲ್ಲರೂ ಅಲುಗಾಡದೆ ನಿಂತು 60 ಸೆಕೆಂಡ್ ಖಾಲಿ ಕೋಣೆಯ ಸದ್ದು ತೆಗೆಯಿರಿ. ಕರೆಂಟ್ ಹೋದ ಆ 4 ಸೆಕೆಂಡಿಗೆ ತುಂಬುವುದು ಇದನ್ನೇ. ಅಲ್ಲಿ ಡಿಜಿಟಲ್ ಮೌನ ಇಟ್ಟರೆ ಸ್ಪೀಕರ್ ಕೆಟ್ಟಿದೆಯೆಂದು ನೋಡುವವರು ತಿಳಿಯುತ್ತಾರೆ. ದೂರದ ರಸ್ತೆ, ಪಕ್ಕದ ಮನೆಯ ಬಾಗಿಲು, ಬಿಸಿ ಇಸ್ತ್ರಿಪೆಟ್ಟಿಗೆ ತಣ್ಣಗಾಗುವ ಟಿಕ್‌ಟಿಕ್ ಕೇಳಿಸಲಿ. ಮಾತು ಸರಾಸರಿ ಮೈನಸ್ 18ರ ಸುತ್ತ, ಏರಿದಾಗ ಮೈನಸ್ 10 ಡೆಸಿಬಲ್ ಆಸುಪಾಸಿನಲ್ಲಿರಲಿ. 48 ಕಿಲೋಹರ್ಟ್ಸ್, 24 ಬಿಟ್. ಹೆಡ್‌ಫೋನ್ ಇಲ್ಲದೆ ಒಂದು ಟೇಕ್ ಕೂಡ ಬೇಡ. ಟಿವಿಯ ಸದ್ದಿಗೆ ನಿಜವಾದ ಕಾರ್ಯಕ್ರಮ ಹಾಕಿದರೆ ಹಕ್ಕಿನ ತೊಡಕು ಬರುತ್ತದೆ. ನಿಮ್ಮವರೇ ಇಬ್ಬರು ಕೂತು ಕ್ವಿಜ್ ಒಂದನ್ನು ಬರೆದು ಓದಿ, ಅದನ್ನು ಚಿಕ್ಕ ಸ್ಪೀಕರಿನಲ್ಲಿ ಮುಚ್ಚಿದ ಕೋಣೆಯೊಳಗೆ ನುಡಿಸಿ, ಹೊರಗಿನಿಂದ ಮತ್ತೆ ರೆಕಾರ್ಡ್ ಮಾಡಿ. ಬಾಗಿಲಾಚೆಯ ಸದ್ದು ಯಾವ ಫಿಲ್ಟರಿನಿಂದಲೂ ಅಷ್ಟು ಚೆನ್ನಾಗಿ ಬರುವುದಿಲ್ಲ. ಹಿನ್ನೆಲೆ ಸಂಗೀತ ಬೇಡವೇ ಬೇಡ.

ಟೈಟಲ್‌ಗಳನ್ನು ಕೊನೆಗೆ ಅಂಟಿಸುವ ಸ್ಟಿಕ್ಕರಿನಂತೆ ನೋಡಬೇಡಿ, ಸ್ಟೋರಿಬೋರ್ಡಿನಲ್ಲೇ ಅವುಗಳ ಜಾಗ ಗುರುತಿಸಿ. ನಿರ್ಮಾಣ ಸಂಸ್ಥೆ, ಇಬ್ಬರು ನಟರು, ಪಾತ್ರವರ್ಗ ಆಯ್ಕೆ, ಧ್ವನಿ, ಕಲೆ, ಸಂಕಲನ, ಛಾಯಾಗ್ರಹಣ, ನಿರ್ಮಾಪಕರು, ಬರಹ, ನಿರ್ದೇಶನ: 11 ಕಾರ್ಡ್, ತಲಾ 3 ಸೆಕೆಂಡ್. ನಿರ್ದೇಶಕರ ಹೆಸರು ಕೊನೆಗೆ. ಒಂದು ಕಪ್ಪು ಪರದೆಯಲ್ಲಿ, ಐದು ಇಸ್ತ್ರಿಯ ಭಾಗದಲ್ಲಿ, ಉಳಿದವು ನಡಿಗೆಯಲ್ಲಿ. ಕರೆಂಟ್ ಹೋದ ಕ್ಷಣ ಮತ್ತು ಮೀಟರಿನ ಅಂಕಿ ಮೂಡುವ ಕ್ಷಣದಲ್ಲಿ ಪರದೆಯ ಮೇಲೆ ಒಂದಕ್ಷರವೂ ಇರಬಾರದು. ಸಾದಾ ಬಿಳಿ ಅಕ್ಷರ, ಚಿಕ್ಕ ಅಳತೆ, ಚಲನೆಯಿಲ್ಲದೆ. ಅದಕ್ಕಾಗಿ ಇಸ್ತ್ರಿಯ ಶಾಟ್‌ಗಳಲ್ಲಿ ಚೌಕಟ್ಟಿನ ಒಂದು ಪಕ್ಕ ಖಾಲಿ ಗೋಡೆ ಬಿಟ್ಟುಕೊಳ್ಳಬೇಕು, ಮರೆತರೆ ಹೆಸರುಗಳು ಅವಳ ಮುಖದ ಮೇಲೆ ಕೂರುತ್ತವೆ. ನಿಮಗೆ ದುಡ್ಡು ಕೊಡದ ನಿಜವಾದ ಸಂಸ್ಥೆಗಳ ಲೋಗೊ ಹಾಕಬೇಡಿ, ಕಲ್ಪಿತ ಹೆಸರು ಇಟ್ಟುಕೊಳ್ಳಿ.

ಎರಡನೆಯ ವಾರ ಜಾಗ ಮತ್ತು ಕಾಗದಪತ್ರ. ಮನೆಯ ಮಾಲೀಕರಿಂದ, ಅಂಗಡಿಯವರಿಂದ ಬರಹದಲ್ಲಿ ಒಪ್ಪಿಗೆ ಬೇಕು. ವಿಭಾಗದ ಅಪಾಯ ಅಂದಾಜು ಪತ್ರದಲ್ಲಿ ಬಿಸಿ ಇಸ್ತ್ರಿಪೆಟ್ಟಿಗೆ, ವೈರುಗಳು, ರಸ್ತೆ ಮೂರನ್ನೂ ಬರೆಯಿರಿ. ವಿಶ್ವವಿದ್ಯಾಲಯದ ವಿಮೆ ಕ್ಯಾಂಪಸ್ಸಿನ ಹೊರಗೂ ಅನ್ವಯಿಸುತ್ತದೆಯೇ ಎಂದು ವಿಭಾಗದಲ್ಲಿ ಬಾಯಿಬಿಟ್ಟು ಕೇಳಿ. ಅಂಗಡಿಗೆ ವಾರದ ದಿನ 11ರಿಂದ 12 ಒಳ್ಳೆಯ ಹೊತ್ತು, ಊಟದ ಹೊತ್ತಿಗೂ ಶಾಲೆ ಬಿಡುವ ಹೊತ್ತಿಗೂ ಕಾಲಿಡಲು ಜಾಗವಿರುವುದಿಲ್ಲ. ಜಾಬ್‌ಸೆಂಟರ್ ಹತ್ತಿರ ಚಿತ್ರೀಕರಿಸುವ ಅಗತ್ಯವೇ ಇಲ್ಲ, ಕಥೆ ಅದಕ್ಕೂ ಮೊದಲೇ ನಿಲ್ಲುತ್ತದೆ. ಇದೇ ವಾರ ಫೋನಿನಲ್ಲಿ, ನಿಮ್ಮ ಗುಂಪಿನವರೇ ನಟಿಸಿ, ಇಡೀ ಎರಡು ನಿಮಿಷವನ್ನು ಒಮ್ಮೆ ತೆಗೆದು ಕೂಡಿಸಿ ನೋಡಿ. ಜೇಬು ಹುಡುಕುವುದಕ್ಕೆ 10 ಸೆಕೆಂಡ್ ಹೆಚ್ಚಾಯಿತು, ನಡಿಗೆಗೆ ಸಾಲದು ಎಂಬುದೆಲ್ಲ ಇಲ್ಲೇ ತಿಳಿಯುತ್ತದೆ.

ಮೂರನೆಯ ವಾರ ಎರಡು ದಿನದ ಚಿತ್ರೀಕರಣ: ಮೊದಲ ದಿನ ಮನೆಯೊಳಗಿನದು, ಕಥೆಯ ಕ್ರಮದಲ್ಲೇ. ಎರಡನೆಯ ದಿನ ಬೀದಿ, ಅಂಗಡಿ, ಬಸ್ಸು. ಒಂದೇ ಬಗೆಯ ಶರ್ಟ್ ಮೂರು ಕೊಳ್ಳಿ. ಇಸ್ತ್ರಿ ಮಾಡಿದ ಶರ್ಟನ್ನು ಮತ್ತೆ ಮುದುಡಿಸಿ ಅದೇ ಸುಕ್ಕು ತರಲಾಗುವುದಿಲ್ಲ, ಕಂಟಿನ್ಯುಟಿ ಹೆಚ್ಚಾಗಿ ಕೆಡುವುದು ಇಲ್ಲೇ. ಪ್ರತಿ ಟೇಕ್ ಮುಗಿದ ಕೂಡಲೇ ತೋಳಿನ ಫೋಟೊ ತೆಗೆದಿಡಿ. 150 ಪೌಂಡಿನಲ್ಲಿ 60 ಊಟ ತಿಂಡಿಗೆ ಮೊದಲೇ ತೆಗೆದಿಡಿ, ಚಳಿಯಲ್ಲಿ ಹಸಿದವರು ನಾಲ್ಕನೆಯ ಟೇಕ್‌ಗೆ ನಿಲ್ಲುವುದಿಲ್ಲ. ಶರ್ಟುಗಳಿಗೆ 30, ನಟರ ಓಡಾಟಕ್ಕೆ 30, ಅಂಗಡಿಯವರಿಗೆ ಕೃತಜ್ಞತೆಗೆ 20. ಉಳಿದ 10 ಪೌಂಡ್ ಏನೂ ಮಾಡದೆ ಇಟ್ಟುಕೊಳ್ಳಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಬಿಡಿ ಬ್ಯಾಟರಿಗಳು ಒಳಜೇಬಿನಲ್ಲಿರಲಿ. ಕಾರ್ಡ್ ಅಳಿಸುವ ಮುಂಚೆ ಎರಡು ಬೇರೆ ಡ್ರೈವ್‌ಗಳಲ್ಲಿ ಪ್ರತಿ ಇರಬೇಕು.

ಕೊನೆಯ ವಾರ ಎಡಿಟಿಂಗ್. ಮೊದಲ ಜೋಡಣೆಯನ್ನು ಟೈಟಲ್ ಇಲ್ಲದೆ, ಬಣ್ಣ ತಿದ್ದದೆ ಮಾಡಿ. ಕೀ ಮೀಟರ್ ಬಗ್ಗೆ ನಿಮಗೆ ಹೇಳಿಕೊಟ್ಟವರಿಗೆ ಅದನ್ನೇ ತೋರಿಸಿ. ಅವರು ಎಲ್ಲಿ ‘ಹೀಗಾಗಲ್ಲ’ ಅನ್ನುತ್ತಾರೋ ಅಲ್ಲಿ ವಾದ ಮಾಡದೆ ಬದಲಿಸಿ. ಇನ್ನೊಬ್ಬರಿಗೆ, ಈ ಮೀಟರನ್ನು ಕಂಡೇ ಇಲ್ಲದವರಿಗೆ, ತೋರಿಸಿ ‘ಅವಳು ಯಾಕೆ ನಡೆದು ಹೋದಳು?’ ಎಂದು ಕೇಳಿ. ‘ದುಡ್ಡು ಕರೆಂಟಿಗೆ ಹೋಯಿತಲ್ಲ’ ಎಂದರೆ ಸರಿ. ‘ಬಸ್ಸು ತಪ್ಪಿತು’ ಎಂದರೆ ನೋಟಿನ ಶಾಟ್ ಚಿಕ್ಕದಾಗಿದೆ ಎಂದರ್ಥ, ಜೇಬುಗಳು ಖಾಲಿಯೆಂದು ತಿಳಿಯುವಷ್ಟು ಅದನ್ನು ಉದ್ದಮಾಡಿ.

ಹೀಗೆಲ್ಲ ಮಾಡಿದ ಮೇಲೆ ಮೊದಲ ಜೋಡಣೆ 2:20ರ ಆಸುಪಾಸಿಗೆ ಬಂದು ನಿಲ್ಲುವುದು ಸಾಮಾನ್ಯ. ಆಗ ಎಲ್ಲರ ಕೈ ಮೊದಲು ಹೋಗುವುದು ಏನೂ ನಡೆಯದ ಆ 4 ಸೆಕೆಂಡಿನ ಮೇಲೆ. ಅದನ್ನು ಮುಟ್ಟಬೇಡಿ. ನಡಿಗೆಯಲ್ಲಿ 8, ಇಸ್ತ್ರಿಯಲ್ಲಿ 6 ಸೆಕೆಂಡ್ ತೆಗೆಯಿರಿ. ಅಂಗಡಿಯೊಳಕ್ಕೆ ಅವಳು ಕಾಲಿಡುವ ಶಾಟ್ ಬಿಟ್ಟು ನೇರವಾಗಿ ಕಟ್ಟೆಯ ಮೇಲೆ ಕೀ ಇಡುವ ಕೈಗೇ ಹೋಗಿ. ಅಲ್ಲಿಗೆ 2 ನಿಮಿಷದೊಳಗೆ ಬಂದಿರುತ್ತೀರಿ.